ಮ್ಯಾಕ್ರೊ ಮತ್ತು ಮೂಲ ಉಕ್ತಿ



ಪ್ರೋಗ್ರಾಮ್ ಬರೆಯುವವರ ಹೊತ್ತು ಬಹುಪಾಲು ಕಳೆಯುವುದು ಬರೆದದ್ದು ಯಾಕೆ ಸರಿಯಾಗಿ ನಡೆಯುತ್ತಿಲ್ಲ ಎಂದು ಹುಡುಕುವುದರಲ್ಲಿ. ಆ ಹುಡುಕಾಟಕ್ಕೆ ಮೊದಲ ದಾರಿ ಎರರ್ ಮೆಸೇಜು. ಮೆಸೇಜು ನಾನು ಬರೆದ ಸಾಲನ್ನೇ ನನ್ನ ಮುಂದೆ ಹಿಡಿದರೆ ತಪ್ಪು ಅಲ್ಲೇ ಕಾಣುತ್ತದೆ. ನಾನು ಎಂದೂ ಬರೆಯದ, ಯಾವ ಕಡತದಲ್ಲೂ ಇಲ್ಲದ ಒಂದು ಸಾಲನ್ನು ತೋರಿಸಿದರೆ ತಪ್ಪಿನ ಜೊತೆಗೆ ಆ ಸಾಲು ಎಲ್ಲಿಂದ ಬಂತು ಎಂಬುದನ್ನೂ ಹುಡುಕಬೇಕಾಗುತ್ತದೆ. ಈ ಎರಡನೆಯ ಕಷ್ಟ ಬಹಳ ಸಲ ಹುಟ್ಟುವುದು ಮ್ಯಾಕ್ರೊಗಳಿಂದ. ಮ್ಯಾಕ್ರೊ ಒಂದು ಉಕ್ತಿಯನ್ನು ಇನ್ನೊಂದಾಗಿ ಬದಲಿಸುವಾಗ ಮೂಲ ಉಕ್ತಿ ಏನಾಗುತ್ತದೆ, ಅದನ್ನು ಯಾರು ಕಾಪಾಡಬೇಕು, ಕಾಪಾಡಿದ್ದನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದು ಇಂದಿನ ನನ್ನ ವಿಷಯ. ಎಕ್ಸ್‌ಪ್ರೆಶನ್ನನ್ನು ಉದ್ದಕ್ಕೂ ಉಕ್ತಿ ಎಂದೇ ಕರೆಯುತ್ತೇನೆ.

ಫಂಕ್ಷನ್ನಿಗೂ ಮ್ಯಾಕ್ರೊಗೂ ಇರುವ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಫಂಕ್ಷನ್ನಿಗೆ ತಲುಪುವುದು ಬೆಲೆ. ಎರಡು ಕೂಡಿಸು ಮೂರು ಎಂದು ಬರೆದು ಫಂಕ್ಷನ್ನಿಗೆ ಕೊಟ್ಟರೆ ಅದರ ಕೈಗೆ ಸಿಗುವುದು 5 ಮಾತ್ರ. ಆ ಐದು ಕೂಡಿಸಿ ಬಂತೋ, ಕಳೆದು ಬಂತೋ, ಡೇಟಾಬೇಸಿನಿಂದ ಬಂತೋ ಎಂದು ತಿಳಿಯಲು ಫಂಕ್ಷನ್ನಿಗೆ ದಾರಿಯಿಲ್ಲ. ದಾರಿಯಿಲ್ಲದಿರುವುದೇ ಅದರ ಬಲ, ಯಾಕೆಂದರೆ ಒಂದೇ ಬೆಲೆ ಕೊಡುವ ಎರಡು ಉಕ್ತಿಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನಿಶ್ಚಿಂತೆಯಿಂದ ಇರಬಹುದು. ಮ್ಯಾಕ್ರೊ ಕೆಲಸ ಮಾಡುವುದು ಇದಕ್ಕಿಂತ ಹಿಂದಿನ ಹಂತದಲ್ಲಿ. ಪ್ರೋಗ್ರಾಮ್ ಓಡುವ ಮೊದಲು, ಕಂಪೈಲ್ ಆಗುವ ಹೊತ್ತಿನಲ್ಲಿ, ಅದಕ್ಕೆ ಉಕ್ತಿಯೇ ಸಿಗುತ್ತದೆ: ಕೂಡಿಸುವ ಚಿಹ್ನೆ, ಎರಡು, ಮೂರು. ಅದನ್ನು ಬಿಚ್ಚಿ ನೋಡಿ, ಬೇರೊಂದು ಉಕ್ತಿಯನ್ನು ಕಟ್ಟಿ ಕಂಪೈಲರಿಗೆ ಹಿಂದಿರುಗಿಸುತ್ತದೆ. ಆಮೇಲೆ ಓಡುವುದು ಮ್ಯಾಕ್ರೊ ಕಟ್ಟಿಕೊಟ್ಟದ್ದು, ಪ್ರೋಗ್ರಾಮರ್ ಬರೆದದ್ದಲ್ಲ.

ಈ ಶಕ್ತಿಯ ಇತಿಹಾಸ ಲಿಸ್ಪ್ ಭಾಷೆಯ ಜೊತೆ ಬೆಳೆದದ್ದು. ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರೋಗ್ರಾಮನ್ನೂ ದತ್ತಾಂಶವನ್ನೂ ಒಂದೇ ಬಗೆಯ ಪಟ್ಟಿಗಳಾಗಿ ಬರೆಯಬಹುದೆಂದು ತೋರಿಸಿದರು. ಪ್ರೋಗ್ರಾಮ್ ಒಂದು ಪಟ್ಟಿಯಾದ ಮೇಲೆ ಇನ್ನೊಂದು ಪ್ರೋಗ್ರಾಮ್ ಅದನ್ನು ಓದಿ ತಿದ್ದುವುದು ಸಹಜ. 1963ರಲ್ಲಿ ಟಿಮೊತಿ ಹಾರ್ಟ್ ಎಂಐಟಿಯ ಒಂದು ಕಿರುಟಿಪ್ಪಣಿಯಲ್ಲಿ ಲಿಸ್ಪಿಗೆ ಮ್ಯಾಕ್ರೊ ಸೇರಿಸುವ ಪ್ರಸ್ತಾಪ ಇಟ್ಟರು. ಅದೇ ಕಾಲದ ಲಿಸ್ಪ್‌ಗಳಲ್ಲಿ ಫೆಕ್ಸ್‌ಪರ್ (FEXPR) ಎಂಬ ಇನ್ನೊಂದು ಸಾಧನವೂ ಇತ್ತು. ಅದು ಪ್ರೋಗ್ರಾಮ್ ಓಡುತ್ತಿರುವಾಗಲೇ ಬೆಲೆಕಟ್ಟದ ಉಕ್ತಿಯನ್ನು ಪಡೆಯುತ್ತಿತ್ತು. 1980ರಲ್ಲಿ ಕೆಂಟ್ ಪಿಟ್‌ಮನ್ ಫೆಕ್ಸ್‌ಪರ್‌ಗಳನ್ನು ಬಿಟ್ಟು ಮ್ಯಾಕ್ರೊಗಳನ್ನು ಬಳಸಬೇಕೆಂದು ವಾದಿಸಿದರು. ಯಾವ ಉಕ್ತಿಗೆ ಬೆಲೆ ಕಟ್ಟಲಾಗುತ್ತದೆ, ಯಾವುದಕ್ಕೆ ಇಲ್ಲ ಎಂಬುದು ಓಡುವ ತನಕ ತಿಳಿಯದಿದ್ದರೆ ಕಂಪೈಲರೂ ಕೋಡ್ ಓದುವ ಇತರ ಸಾಧನಗಳೂ ಕೈಚೆಲ್ಲಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. 1998ರಲ್ಲಿ ಮಿಚೆಲ್ ವಾಂಡ್ ಇದಕ್ಕೆ ಗಣಿತದ ರೂಪ ಕೊಟ್ಟರು. ಓಡುವಾಗ ಯಾವ ಉಕ್ತಿಯನ್ನು ಬೇಕಾದರೂ ಬಿಚ್ಚಿ ನೋಡಬಹುದಾದ ಭಾಷೆಯಲ್ಲಿ, ಹೆಸರು ಬದಲಾವಣೆಯನ್ನು ಬಿಟ್ಟರೆ, ಯಾವ ಎರಡು ಉಕ್ತಿಗಳೂ ಸಮಾನವೆನ್ನಲು ಬರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ ಎಂದು ಕೇಳಿಕೊಳ್ಳುತ್ತೇನೆ, ಮುಂದೆ ಬೇಕಾಗುತ್ತದೆ.

ಮೂಲ ಉಕ್ತಿಯನ್ನು ಮ್ಯಾಕ್ರೊ ಹೇಗೆ ಕೆಲಸಕ್ಕೆ ತರುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. ಲಿಸ್ಪ್ ಕುಲದ ಕ್ಲೋಜರ್ ಭಾಷೆಯ ಪರೀಕ್ಷಾ ಗ್ರಂಥಾಲಯದಲ್ಲಿ 'ಈಸ್' ಎಂಬ ಮ್ಯಾಕ್ರೊ ಇದೆ. ಅದಕ್ಕೆ (= 4 (+ 2 3)) ಎಂಬ ಉಕ್ತಿ ಕೊಟ್ಟಿದ್ದೇವೆ ಎಂದುಕೊಳ್ಳಿ. ಪರೀಕ್ಷೆ ಸೋಲುತ್ತದೆ. 'ಈಸ್' ಫಂಕ್ಷನ್ ಆಗಿದ್ದರೆ ಅದರ ಕೈಗೆ ಬರುತ್ತಿದ್ದದ್ದು 'ಸುಳ್ಳು' ಎಂಬ ಒಂದೇ ಬೆಲೆ, ಅದು ಹೇಳಬಹುದಾಗಿದ್ದದ್ದೂ ಅಷ್ಟೆ. ಮ್ಯಾಕ್ರೊ ಆಗಿರುವುದರಿಂದ ಅದು ಎರಡು ಸಾಲು ಬರೆಯುತ್ತದೆ. ನಿರೀಕ್ಷಿಸಿದ್ದು (= 4 (+ 2 3)) ಎಂಬುದು ಮೊದಲ ಸಾಲು. ಎರಡನೆಯ ಸಾಲಿನಲ್ಲಿ, ವಾಸ್ತವದಲ್ಲಿ 4 ಮತ್ತು 5 ಸಮವಲ್ಲ ಎಂದು ನಿಷೇಧದ ರೂಪದಲ್ಲಿ ಹೇಳುತ್ತದೆ. ಮೊದಲ ಸಾಲಿನಲ್ಲಿ ಪ್ರೋಗ್ರಾಮರ್ ಬರೆದದ್ದು ಇದ್ದ ಹಾಗೇ ಇದೆ. ಎರಡನೆಯದರಲ್ಲಿ ಒಳಗಿನ ಉಕ್ತಿಗೆ ಬೆಲೆ ಕಟ್ಟಿದ ಮೇಲೆ ಉಳಿದದ್ದು ಇದೆ. ಎರಡನ್ನೂ ಒಟ್ಟಿಗೆ ಓದಿದವನಿಗೆ ಮೂರನ್ನು ಎರಡು ಎಂದು ಬರೆಯಬೇಕಿತ್ತು ಎಂದು ತಕ್ಷಣ ಹೊಳೆಯುತ್ತದೆ.

ಈ ಎರಡು ಸಾಲುಗಳ ಹಿಂದಿರುವ ಎಚ್ಚರ ಗಮನಿಸಬೇಕಾದದ್ದು. ಮ್ಯಾಕ್ರೊ ತನಗೆ ಬಂದ ಉಕ್ತಿಯನ್ನು ಎರಡು ಕಡೆ ಇಡುತ್ತದೆ. ಒಂದು ಕಡೆ ಬೆಲೆಕಟ್ಟದಂತೆ ಉದ್ಧರಣೆಯೊಳಗೆ, ವರದಿಗಾಗಿ. ಇನ್ನೊಂದು ಕಡೆ ಬೆಲೆಕಟ್ಟುವ ಹಾಗೆ, ಕೆಲಸಕ್ಕಾಗಿ. ಎರಡನೆಯ ಕಡೆ ಅದು ಒಳಗಿನ ಉಕ್ತಿಗಳಿಗೆಲ್ಲ ಒಂದೇ ಸಲ ಬೆಲೆ ಕಟ್ಟಿ, ಬಂದ ಬೆಲೆಗಳನ್ನು ಪಟ್ಟಿಯಲ್ಲಿ ಹಿಡಿದಿಟ್ಟು, ಹೋಲಿಸುವುದಕ್ಕೂ ಅಚ್ಚು ಹಾಕುವುದಕ್ಕೂ ಅದೇ ಪಟ್ಟಿಯನ್ನು ಬಳಸುತ್ತದೆ. ಅಚ್ಚಿಗಾಗಿ ಇನ್ನೊಮ್ಮೆ ಬೆಲೆ ಕಟ್ಟಿದ್ದರೆ, ಖಾತೆಯಿಂದ ಹಣ ತೆಗೆಯುವ ಉಕ್ತಿ ಎರಡು ಸಲ ಹಣ ತೆಗೆದೀತು. ಇನ್ನೂ ಒಂದು ಸೂಕ್ಷ್ಮವಿದೆ. ಉಕ್ತಿಯ ಮೊದಲಲ್ಲಿರುವುದು ಫಂಕ್ಷನ್ ಆದರೆ ಮಾತ್ರ ಈ ಬಿಚ್ಚಾಟ ನಡೆಯುತ್ತದೆ. 'ಮತ್ತು' ಎಂಬ ಅರ್ಥದ ಸಂಯೋಜಕ ಕ್ಲೋಜರಿನಲ್ಲಿ ಮ್ಯಾಕ್ರೊ. ಮೊದಲ ಭಾಗ ಸುಳ್ಳಾದರೆ ಎರಡನೆಯದಕ್ಕೆ ಬೆಲೆ ಕಟ್ಟಲೇಬಾರದು. ಅಂಥ ಉಕ್ತಿ ಸೋತಾಗ 'ಈಸ್' ಒಳಭಾಗಗಳನ್ನು ಬಿಡಿಸಿ ತೋರಿಸದೆ ಒಟ್ಟು ಫಲವನ್ನಷ್ಟೇ ಹೇಳಿ ನಿಲ್ಲುತ್ತದೆ. ಹೆಚ್ಚು ತೋರಿಸುವ ಆಸೆಗೆ ಪ್ರೋಗ್ರಾಮಿನ ಅರ್ಥವನ್ನು ಬಲಿಕೊಡದ ಈ ಸಂಯಮ ನನಗೆ ಬಹಳ ಮೆಚ್ಚುಗೆಯದು.

ಲಿಸ್ಪ್ ಕುಲದ ಹೊರಗೆ ಇದೇ ಕೆಲಸವನ್ನು ಬಹಳ ಜನರಿಗೆ ಪರಿಚಯಿಸಿದ್ದು ಸಿ ಭಾಷೆಯ 'ಅಸರ್ಟ್'. ಬಾಕಿ > 0 ಎಂಬ ಷರತ್ತು ಸುಳ್ಳಾದರೆ ಆ ಷರತ್ತಿನ ಅಕ್ಷರಗಳು, ಕಡತದ ಹೆಸರು, ಸಾಲಿನ ಸಂಖ್ಯೆ ಇವನ್ನು ಅಚ್ಚು ಹಾಕಿ ಪ್ರೋಗ್ರಾಮ್ ನಿಲ್ಲುತ್ತದೆ. ಉಕ್ತಿಯನ್ನು ಅಕ್ಷರಮಾಲೆಯಾಗಿಸುವುದು # ಎಂಬ ಚಿಹ್ನೆ. ಅದಕ್ಕೆ ಖಚಿತ ರೂಪ ಬಂದದ್ದು 1989ರ ಆನ್ಸಿ ಮಾನಕದಲ್ಲಿ. ಅದಕ್ಕೆ ಮುಂಚೆ ಕೆಲವು ಪ್ರಿಪ್ರೊಸೆಸರ್‌ಗಳು ಉದ್ಧರಣ ಚಿಹ್ನೆಯೊಳಗಿನ ಹೆಸರನ್ನೂ ಬದಲಿಸಿಬಿಡುತ್ತಿದ್ದವು, ಕೆಲವು ಬದಲಿಸುತ್ತಿರಲಿಲ್ಲ. # ಚಿಹ್ನೆ ಕೊಡುವುದು ಪ್ರೋಗ್ರಾಮರ್ ಬರೆದ ಪಠ್ಯದ ಪಡಿಯಚ್ಚೇನೂ ಅಲ್ಲ. ಪದಗಳ ನಡುವೆ ಎಷ್ಟು ಖಾಲಿ ಜಾಗ ಬಿಟ್ಟಿದ್ದರೂ ಅದು ಒಂದೇ ಖಾಲಿಯಾಗುತ್ತದೆ. ನಡುವೆ ಬರೆದ ಟಿಪ್ಪಣಿ ಮಾಯವಾಗುತ್ತದೆ.

ಸಿ ಭಾಷೆಯ ಇನ್ನೊಂದು ನಡವಳಿಕೆಯಲ್ಲಿ ನಮ್ಮ ಪ್ರಶ್ನೆಯ ಅತಿ ಕಠಿಣ ಭಾಗ ಆಗಲೇ ಕಾಣಿಸಿಕೊಂಡಿತ್ತು. ಮಿತಿ ಎಂಬ ಹೆಸರನ್ನು 100 ಎಂದು ವ್ಯಾಖ್ಯಾನಿಸಿದ್ದೇವೆ ಎನ್ನಿ. ಲೆಕ್ಕ < ಮಿತಿ ಎಂದು # ಚಿಹ್ನೆಗೆ ನೇರವಾಗಿ ಕೊಟ್ಟರೆ ಲೆಕ್ಕ < ಮಿತಿ ಎಂದೇ ಅಚ್ಚಾಗುತ್ತದೆ. ಅದನ್ನೇ ನಮ್ಮದೊಂದು ಮ್ಯಾಕ್ರೊ ಪಡೆದು ಒಳಗಿನ ಮ್ಯಾಕ್ರೊಗೆ ದಾಟಿಸಿದರೆ, ದಾಟುವ ಮುಂಚೆ ಹೆಸರು ಬಿಡಿಸಿಕೊಂಡು ಲೆಕ್ಕ < 100 ಆಗಿಬಿಡುತ್ತದೆ. ಹೊರಗಿನ ಮ್ಯಾಕ್ರೊ ಏನೂ ಮಾಡಲಿಲ್ಲ, ಬರೀ ಮುಂದಕ್ಕೆ ಕೊಟ್ಟಿತು. ಆದರೂ ಮೂಲ ಕಳೆದುಹೋಯಿತು. ಮೂಲವನ್ನು ಕಾಪಾಡುವುದು ಒಂದು ಮ್ಯಾಕ್ರೊ ಒಂಟಿಯಾಗಿ ಮಾಡಿ ಮುಗಿಸುವ ಕೆಲಸವಲ್ಲ. ಸರಣಿಯಲ್ಲಿರುವ ಪ್ರತಿಯೊಂದು ಮ್ಯಾಕ್ರೊವೂ ಅದನ್ನು ಕೈಯಿಂದ ಕೈಗೆ ದಾಟಿಸಬೇಕು.

ಇಲ್ಲಿ ನಿಂತು 'ಮೂಲ' ಎಂದರೆ ಏನು ಎಂದು ಕೇಳಿಕೊಳ್ಳಬೇಕು. ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಕಡತದಲ್ಲಿರುವ ಅಕ್ಷರಗಳ ಸಾಲು, ಅಂದರೆ ಪಠ್ಯ, ಒಂದು. ಆ ಪಠ್ಯವನ್ನು ಓದಿ ಕಂಪೈಲರ್ ಕಟ್ಟಿಕೊಂಡ ರಚನೆ ಎರಡನೆಯದು; ಇದನ್ನು ವೃಕ್ಷ ಎನ್ನುವುದು ವಾಡಿಕೆ. ಯಾವ ಕಡತ, ಎಷ್ಟನೆಯ ಸಾಲು, ಎಷ್ಟನೆಯ ಕಾಲಂ ಎಂಬ ಸ್ಥಳ ಮೂರನೆಯದು. ಮ್ಯಾಕ್ರೊಗೆ ಸಿಗುವುದು ಸಾಮಾನ್ಯವಾಗಿ ವೃಕ್ಷ. ಪಠ್ಯ ಅದರ ಕೈಗೆ ಬರುವ ಹೊತ್ತಿಗೆ ಓದುವ ಹಂತವನ್ನು ದಾಟಿರುತ್ತದೆ. ಕ್ಲೋಜರಿನಲ್ಲಿ ಉದ್ಧರಣೆಯ ಚಿಕ್ಕ ಗುರುತು ಹಾಕಿ ಬರೆದರೆ ಮ್ಯಾಕ್ರೊಗೆ ಅದು ಆಗಲೇ 'ಕ್ವೋಟ್' ಎಂಬ ಪೂರ್ಣ ಉಕ್ತಿಯಾಗಿ ತಲುಪಿರುತ್ತದೆ. ಹದಿನಾರರ ಪದ್ಧತಿಯಲ್ಲಿ ಬರೆದ ಸಂಖ್ಯೆ ಬರೀ ಸಂಖ್ಯೆಯಾಗಿ ಬಂದಿರುತ್ತದೆ. ಟಿಪ್ಪಣಿಗಳಂತೂ ಬರುವುದೇ ಇಲ್ಲ. ಹಾಗಾಗಿ ಮೂಲವೇ ತನ್ನ ಕೈಯಲ್ಲಿದೆ ಎಂದು ಮ್ಯಾಕ್ರೊ ಹೇಳಿಕೊಂಡರೆ ಅದು ಮುಕ್ಕಾಲು ಸತ್ಯ.

ಆರ್ ಭಾಷೆಯ ಬಳಕೆದಾರರು ಇದನ್ನು ಚೆನ್ನಾಗಿ ಬಲ್ಲರು. ಅಂಕಿಅಂಶ ಶಾಸ್ತ್ರದಲ್ಲಿ ಕೆಲಸ ಮಾಡುವವರ ಈ ಭಾಷೆಯನ್ನು ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಕಟ್ಟಿದರು, ಅದರ 1.0.0 ಆವೃತ್ತಿ ಬಂದದ್ದು 2000ದಲ್ಲಿ. ಅದರಲ್ಲಿ ಮ್ಯಾಕ್ರೊ ಎಂಬ ಪ್ರತ್ಯೇಕ ಹಂತವಿಲ್ಲ. ಆದರೆ ಫಂಕ್ಷನ್ನಿಗೆ ಕೊಟ್ಟ ವಾದಕ್ಕೆ (ಆರ್ಗ್ಯುಮೆಂಟಿಗೆ) ತಕ್ಷಣ ಬೆಲೆ ಕಟ್ಟದೆ ಬೇಕಾದಾಗ ಕಟ್ಟುವ ಪದ್ಧತಿ ಇರುವುದರಿಂದ, 'ಸಬ್‌ಸ್ಟಿಟ್ಯೂಟ್' ಎಂಬ ಸಾಧನದಿಂದ ಕೊಟ್ಟ ಉಕ್ತಿಯನ್ನೇ ಹಿಡಿದು 'ಡಿಪಾರ್ಸ್' ಎಂಬುದರಿಂದ ಅಕ್ಷರಗಳಾಗಿಸಬಹುದು. ಮಳೆ ಎಂಬ ದತ್ತಾಂಶವನ್ನು ನಕ್ಷೆಗೆ ಕೊಟ್ಟರೆ ಅಕ್ಷದ ಮೇಲೆ ಮಳೆ ಎಂದು ತಾನಾಗಿಯೇ ಬರುವುದು ಈ ದಾರಿಯಿಂದ. ಆದರೆ 100000 ಎಂದು ಬರೆದ ಸಂಖ್ಯೆಯನ್ನು 'ಡಿಪಾರ್ಸ್' ಮಾಡಿದರೆ ಹತ್ತರ ಐದನೆಯ ಘಾತ ಎಂಬ ಸಂಕ್ಷಿಪ್ತ ರೂಪದಲ್ಲಿ ಹೊರಬರುತ್ತದೆ. ಬರೆದವರು ಸೊನ್ನೆಗಳನ್ನು ಒಂದೊಂದಾಗಿ ಬರೆದಿದ್ದರು. ವೃಕ್ಷಕ್ಕೆ ಆ ನೆನಪಿಲ್ಲ. ಆರ್ ಭಾಷೆಯನ್ನು ರೂಪಿಸಿದವರು ಈ ಕೊರತೆಯನ್ನು ಅರಿತು, ಫಂಕ್ಷನ್ನುಗಳ ಜೊತೆ ಅವುಗಳ ಪಠ್ಯವನ್ನೂ ಟಿಪ್ಪಣಿಸಹಿತ ಉಳಿಸಿಕೊಳ್ಳುವ ಏರ್ಪಾಟನ್ನು ಪ್ರತ್ಯೇಕವಾಗಿ ಮಾಡಿದ್ದಾರೆ. ವೃಕ್ಷದಿಂದ ಪಠ್ಯವನ್ನು ಮತ್ತೆ ಹುಟ್ಟಿಸಬಹುದು ಎಂಬ ನಂಬಿಕೆ ತಪ್ಪು ಎನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿಕೊಟ್ಟ ನಮ್ಮ ವಿದ್ವಾಂಸರ ಶಿಸ್ತು ಇಲ್ಲಿ ನೆನಪಾಗುತ್ತದೆ. ತಾವು ಒಪ್ಪಿದ ಪಾಠವನ್ನು ಮೇಲೆ ಕೊಟ್ಟು, ಓಲೆಯ ಪ್ರತಿಗಳಲ್ಲಿ ಕಂಡ ಪಾಠಾಂತರಗಳನ್ನು ಅಡಿಯಲ್ಲಿ ಕೊಡದೆ ಅವರು ಪುಟ ಮುಗಿಸುವುದಿಲ್ಲ. ತಿದ್ದುವ ಅಧಿಕಾರ ಅವರಿಗೆ ಸಿಕ್ಕಿರುವುದೇ ತಿದ್ದುವ ಮೊದಲು ಏನಿತ್ತು ಎಂದು ತೋರಿಸುವ ಹೊಣೆಯೊಡನೆ. ಮ್ಯಾಕ್ರೊ ಬರೆಯುವವರ ಅಧಿಕಾರವೂ ಅದೇ ಬಗೆಯದು ಎಂಬುದು ನನ್ನ ನಿಲುವು.

ಭಾಷೆಗಳು ಈ ಹೊಣೆಗೆ ಯಾವ ಯಾವ ಅನುಕೂಲ ಒದಗಿಸಿವೆ? 1994ರಲ್ಲಿ ಮಾನಕವಾದ ಕಾಮನ್ ಲಿಸ್ಪಿನಲ್ಲಿ ಮ್ಯಾಕ್ರೊದ ನಿಯತಾಂಕಗಳ ಪಟ್ಟಿಯ ಮೊದಲಲ್ಲಿ &ಹೋಲ್ ಎಂದು ಬರೆದು ಒಂದು ಹೆಸರು ಕೊಟ್ಟರೆ ಇಡೀ ಕರೆ, ಮ್ಯಾಕ್ರೊದ ಹೆಸರೂ ಸೇರಿ, ಆ ಹೆಸರಿಗೆ ಬಂದು ಕೂಡುತ್ತದೆ. ವಾದಗಳು ಹೇಗೂ ಸಿಗುತ್ತವಲ್ಲ, ಇಡೀ ಕರೆ ಯಾಕೆ ಎಂದು ಕೇಳಬಹುದು. ಒಂದೇ ಮ್ಯಾಕ್ರೊ ಹಲವು ಹೆಸರುಗಳಿಂದ ಕರೆಸಿಕೊಂಡಿರಬಹುದು. ವಾದಗಳನ್ನು ಬಿಡಿಸಿಕೊಳ್ಳುವಾಗ ಅವುಗಳ ಕ್ರಮವೋ ಬಿಟ್ಟುಹೋದ ವಾದಗಳ ಗುರುತೋ ಅಳಿಸಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಸ್ಥಳದ ವಿವರ ಅಂಟಿಕೊಂಡಿರುವುದು ಇಡೀ ಕರೆಗೆ, ಅದರ ಎಲ್ಲ ತುಂಡುಗಳಿಗೂ ಅಲ್ಲ. ರಿಚ್ ಹಿಕಿ 2007ರಲ್ಲಿ ಬಿಡುಗಡೆ ಮಾಡಿದ ಕ್ಲೋಜರಿನಲ್ಲಿ ಈ ಮೂರನೆಯ ಕಾರಣ ಎದ್ದುಕಾಣುತ್ತದೆ. 2010ರ 1.2ನೆಯ ಆವೃತ್ತಿಯಿಂದ ಪ್ರತಿ ಮ್ಯಾಕ್ರೊದೊಳಗೂ &ಫಾರ್ಮ್ ಎಂಬ ಹೆಸರು ಕೇಳದೆಯೇ ದೊರೆಯುತ್ತದೆ; ಅದು ಇಡೀ ಕರೆ. ಕಡತವನ್ನು ಓದುವ ಹಂತ ಕಂಸದೊಳಗಿನ ಪಟ್ಟಿಗಳಿಗೆ ಸಾಲಿನ ಸಂಖ್ಯೆಯನ್ನು ಮೆಟಾಡೇಟಾ ಆಗಿ ಅಂಟಿಸಿರುತ್ತದೆ. ಬರೀ ಸಂಖ್ಯೆಗೆ ಮೆಟಾಡೇಟಾ ಅಂಟಿಸಲು ಬರುವುದೇ ಇಲ್ಲ. ಮ್ಯಾಕ್ರೊಗೆ ಕೊಟ್ಟ ವಾದ 7 ಎಂದಾದರೆ ಆ ಏಳು ಎಲ್ಲಿತ್ತು ಎಂದು ಏಳನ್ನು ಕೇಳಿ ಪ್ರಯೋಜನವಿಲ್ಲ, &ಫಾರ್ಮ್ ಅನ್ನೇ ಕೇಳಬೇಕು. ಜೂಲಿಯಾ ಭಾಷೆಯಲ್ಲಿ ಮ್ಯಾಕ್ರೊದೊಳಗೆ ಸಿಗುವ 'ಸೋರ್ಸ್' ಎಂಬ ವಿಶೇಷ ಹೆಸರು ಕಡತವನ್ನೂ ಸಾಲನ್ನೂ ಹೇಳುತ್ತದೆ. ಎಲಿಕ್ಸಿರ್ ಭಾಷೆಯಲ್ಲಿ 'ಕಾಲರ್' ಎಂಬುದು ಕರೆದವರ ಪರಿಸರವನ್ನು ಕೊಡುತ್ತದೆ.

ನನ್ನ ದೃಷ್ಟಿಯಲ್ಲಿ ಅತಿ ಆಳವಾಗಿ ಯೋಚಿಸಿದವರು ಲಿಸ್ಪ್ ಕುಲದ ಸ್ಕೀಮ್ ಭಾಷೆಯ ಪರಂಪರೆಯವರು. ಅವರು ಹೊರಟದ್ದು ಬೇರೊಂದು ಪ್ರಶ್ನೆಯಿಂದ. ಮ್ಯಾಕ್ರೊ ತಾನು ತಂದ ತಾತ್ಕಾಲಿಕ ಹೆಸರು ಬಳಕೆದಾರರ ಹೆಸರಿನೊಂದಿಗೆ ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದಕ್ಕೆ ಕೋಲ್‌ಬೆಕರ್, ಫ್ರೀಡ್‌ಮನ್, ಫೆಲೈಸನ್, ಡೂಬಾ ಅವರು 1986ರಲ್ಲಿ ಉತ್ತರ ಕೊಟ್ಟರು. ಈ ಹೆಸರು ಯಾರು ತಂದದ್ದು ಎಂದು ತಿಳಿಯಬೇಕಾದರೆ ಉಕ್ತಿ ಬರೀ ಪಟ್ಟಿಯಾಗಿದ್ದರೆ ಸಾಲದು. 1992ರಲ್ಲಿ ಡಿಬ್‌ವಿಗ್, ಹೀಬ್, ಬ್ರೂಗ್‌ಮನ್ ಮಂಡಿಸಿದ ವ್ಯವಸ್ಥೆಯಲ್ಲಿ ಉಕ್ತಿಯ ಪ್ರತಿ ಭಾಗವೂ ತನ್ನ ಹಿನ್ನೆಲೆಯನ್ನು ತನ್ನೊಳಗೇ ಹೊತ್ತ ವಸ್ತುವಾಯಿತು. ಅದೇ ವಸ್ತುವಿನಲ್ಲಿ ಸ್ಥಳವನ್ನೂ ಇಡಬಹುದಲ್ಲವೆ? ಸ್ಕೀಮಿನಿಂದ ಬೆಳೆದ ರ‍್ಯಾಕೆಟ್ ಭಾಷೆಯಲ್ಲಿ ಇಂದು ಪ್ರತಿ ಸಿಂಟ್ಯಾಕ್ಸ್ ವಸ್ತುವಿನಲ್ಲೂ ಕಡತ, ಸಾಲು, ಕಾಲಂ, ಕಡತದ ಮೊದಲಿನಿಂದ ಎಷ್ಟನೆಯ ಅಕ್ಷರ, ಎಷ್ಟು ಉದ್ದ ಎಂಬ ಐದು ವಿವರಗಳಿಗೆ ಜಾಗವಿದೆ. ಯಾವ ಯಾವ ಮ್ಯಾಕ್ರೊಗಳ ಮೂಲಕ ಇದು ಈ ರೂಪಕ್ಕೆ ಬಂತು ಎಂಬ ದಾಖಲೆಯನ್ನು ವಿಸ್ತರಣೆಯ ಹಂತವೇ ತಾನಾಗಿ ಸೇರಿಸುತ್ತ ಹೋಗುತ್ತದೆ. ಒಂದು ವಸ್ತು ಬಳಕೆದಾರರ ಕಡತದಲ್ಲೇ ಇದ್ದದ್ದೋ ಅಥವಾ ಮ್ಯಾಕ್ರೊ ಹುಟ್ಟಿಸಿದ್ದೋ ಎಂದು ಕೇಳಿ ತಿಳಿಯುವ ಪ್ರತ್ಯೇಕ ಸಾಧನವೂ ಇದೆ. ಡಾಕ್ಟರ್ ರ‍್ಯಾಕೆಟ್ ಎಂಬ ಸಂಪಾದಕದಲ್ಲಿ ಒಂದು ಹೆಸರಿನ ಮೇಲೆ ಮೌಸ್ ಇಟ್ಟರೆ ಅದರ ವ್ಯಾಖ್ಯಾನಕ್ಕೆ ಬಾಣದ ಗೆರೆ ಮೂಡುವುದು ಈ ದಾಖಲೆಗಳ ಬಲದಿಂದ.

ಒಳಗೊಳಗೆ ಸೇರಿದ ಮ್ಯಾಕ್ರೊಗಳ ಪ್ರಶ್ನೆಗೆ ಮರಳುತ್ತೇನೆ. ಕ್ಲೋಜರಿನಲ್ಲಿ -> ಎಂಬ ಚಿಹ್ನೆಯ ಮ್ಯಾಕ್ರೊ ಒಂದು ಬೆಲೆಯನ್ನು ಹಲವು ಹಂತಗಳ ಮೂಲಕ ಎಳೆದುಕೊಂಡು ಹೋಗುತ್ತದೆ. 5 ಎಂದು ಮೊದಲು ಬರೆದು, ಮುಂದೆ (+ 1), ಅದರ ಮುಂದೆ (= 7) ಎಂದು ಹಂತಗಳನ್ನು ಸಾಲಾಗಿ ಬರೆಯಬಹುದು. ಮ್ಯಾಕ್ರೊ ಅದನ್ನು (= (+ 5 1) 7) ಎಂದು ಕಟ್ಟುತ್ತದೆ. ಕೊನೆಯ ಹಂತವಾಗಿ 'ಈಸ್' ಎಂದು ಬರೆದಿದ್ದರೆ ಅದಕ್ಕೆ ತಲುಪುವ ಉಕ್ತಿ ಈ ಕಟ್ಟಿದ ರೂಪ, ಯಾರೂ ಬರೆಯದ ರೂಪ. ಒಳಗಿನ ಮ್ಯಾಕ್ರೊ ಪ್ರಾಮಾಣಿಕವಾಗಿ 'ಇದೇ ಮೂಲ' ಎನ್ನುತ್ತದೆ; ಅದರ ಮಟ್ಟಿಗೆ ಅದು ನಿಜವೂ ಹೌದು. -> ಮ್ಯಾಕ್ರೊವನ್ನು ಬರೆದವರು ಒಂದು ಉಪಕಾರ ಮಾಡಿದ್ದಾರೆ. ಕಂಸದಲ್ಲಿ ಬರೆದ ಪ್ರತಿ ಹಂತದಿಂದಲೂ ಹೊಸ ಪಟ್ಟಿ ಕಟ್ಟುವಾಗ ಹಳೆಯ ಪಟ್ಟಿಯ ಮೆಟಾಡೇಟಾವನ್ನು ಹೊಸದಕ್ಕೆ ಅಂಟಿಸುತ್ತಾರೆ. ಆ ಒಂದು ತುಣುಕಿನಿಂದ ರೂಪ ಬದಲಾದರೂ ಸಾಲಿನ ಸಂಖ್ಯೆ ಉಳಿಯುತ್ತದೆ. ಕಂಪೈಲರ್ ಓಡುವ ಕೋಡಿಗೆ ಸಾಲಿನ ಸಂಖ್ಯೆ ಬರೆಯುವುದು ಇದೇ ಮೆಟಾಡೇಟಾವನ್ನು ನೋಡಿ. ಅದು ಕಳೆದರೆ ಎರರ್ ಬಂದಾಗ ಕಾಣುವ ಕರೆಗಳ ಸರಣಿಯಲ್ಲೂ ಸಂಖ್ಯೆ ಆಚೀಚೆಯಾಗುತ್ತದೆ. ರ‍್ಯಾಕೆಟಿನಲ್ಲಿ ಇದೇ ಉದ್ದೇಶಕ್ಕೆ, ಹೊಸ ಸಿಂಟ್ಯಾಕ್ಸ್ ಕಟ್ಟುವಾಗ ಯಾವ ಹಳೆಯದರ ಸ್ಥಳವನ್ನು ಅದಕ್ಕೆ ಕೊಡಬೇಕೆಂದು ಹೇಳುವ ರೂಪವಿದೆ. ರಸ್ಟ್ ಭಾಷೆಯ ಪ್ರೊಸೀಜರಲ್ ಮ್ಯಾಕ್ರೊಗಳಲ್ಲಿ ಪ್ರತಿ ಟೋಕನ್ನಿಗೂ 'ಸ್ಪ್ಯಾನ್' ಎಂಬ ಸ್ಥಳವಿವರ ಇದ್ದು, ಹೊಸ ಟೋಕನ್ನಿಗೆ ಹಳೆಯದರ ಸ್ಪ್ಯಾನ್ ಕೊಡುವುದು ಒಳ್ಳೆಯ ಬರವಣಿಗೆಯ ಲಕ್ಷಣವೆನಿಸಿಕೊಂಡಿದೆ. ಕೊಟ್ಟರೆ ಕಂಪೈಲರಿನ ಕೆಂಪು ಗೆರೆ ಬಳಕೆದಾರರು ತಪ್ಪು ಬರೆದ ಹೆಸರಿನ ಕೆಳಗೇ ಬೀಳುತ್ತದೆ. ಕೊಡದಿದ್ದರೆ ಇಡೀ ಮ್ಯಾಕ್ರೊ ಕರೆಯ ಕೆಳಗೆ ಬಿದ್ದು, ತಪ್ಪು ಇದರೊಳಗೆಲ್ಲೋ ಇದೆ ಎಂದಷ್ಟೇ ಹೇಳಿದಂತಾಗುತ್ತದೆ.

ಇಷ್ಟು ಹೇಳಿದ ಮೇಲೆ ಎಲ್ಲೆಯ ಮಾತೂ ಆಡಬೇಕು. ಮೂಲ ಕೈಗೆ ಸಿಗುತ್ತದೆ ಎಂದ ಮಾತ್ರಕ್ಕೆ ಅದರ ಅಕ್ಷರಗಳನ್ನು ನೋಡಿ ಪ್ರೋಗ್ರಾಮಿನ ವರ್ತನೆಯನ್ನು ಬದಲಿಸಬಹುದೆ? ಬದಲಿಸಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ವಾಂಡ್ ಅವರ ಫಲಿತಾಂಶ ಬೇಕಾಗುವುದು ಇಲ್ಲೇ. ಉಕ್ತಿ ಹೇಗೆ ಬರೆಯಲ್ಪಟ್ಟಿದೆ ಎಂಬುದನ್ನು ಅವಲಂಬಿಸಿ ಫಲ ಬದಲಾಗುವ ಜಗತ್ತಿನಲ್ಲಿ ಯಾವ ಸಾಲನ್ನೂ ಧೈರ್ಯದಿಂದ ತಿದ್ದಿ ಸರಳಗೊಳಿಸಲು ಬರುವುದಿಲ್ಲ. ಇಲ್ಲಿ ಅಕ್ಷರಗಳನ್ನೇ ನೋಡುವುದರಿಂದ ವಾಂಡ್ ಹೊರತುಪಡಿಸಿದ ಹೆಸರು ಬದಲಾವಣೆಯೂ ಸುರಕ್ಷಿತವಲ್ಲ; ಒಂದು ಹೆಸರನ್ನು ಹೆಚ್ಚು ಅರ್ಥಪೂರ್ಣ ಹೆಸರಿಗೆ ಬದಲಿಸಿದರೂ ಎಲ್ಲೋ ಏನೋ ಮುರಿದೀತು.

ಆರ್ ಭಾಷೆಯಲ್ಲಿ ಇದರ ಎರಡೂ ಮುಖ ಕಾಣುತ್ತವೆ. ರೇಖೀಯ ಮಾದರಿಯನ್ನು ಹೊಂದಿಸುವ 'ಎಲ್‌ಎಂ' ತನ್ನ ಫಲಿತಾಂಶದ ಮೊದಲಲ್ಲೇ ತನ್ನನ್ನು ಯಾವ ರೀತಿ ಕರೆಯಲಾಯಿತು ಎಂದು ಬರೆದಿಡುತ್ತದೆ. ತಿಂಗಳುಗಳ ನಂತರ ಫಲಿತಾಂಶವನ್ನು ತೆರೆದ ಸಂಶೋಧಕರಿಗೆ ಯಾವ ಸೂತ್ರ, ಯಾವ ದತ್ತಾಂಶ ಎಂದು ಅಲ್ಲೇ ಗೊತ್ತಾಗುತ್ತದೆ. ಇದು ಮೂಲವನ್ನು ವರದಿಗೆ ಬಳಸಿದ ಅತ್ಯುತ್ತಮ ಮಾದರಿ. ಅದೇ ಫಂಕ್ಷನ್ನನ್ನು ಇನ್ನೊಂದು ಫಂಕ್ಷನ್ನಿನ ಮೂಲಕ, ವಾದಗಳ ಪಟ್ಟಿ ಕಟ್ಟಿ ಕರೆದರೆ, ದತ್ತಾಂಶದ ಹೆಸರಿನ ಬದಲು ಇಡೀ ದತ್ತಾಂಶವೇ ಸಾವಿರಾರು ಅಂಕೆಗಳಾಗಿ ಆ ಜಾಗದಲ್ಲಿ ಸುರಿಯುತ್ತದೆ. ಉಕ್ತಿಯನ್ನು ಹಿಡಿಯುವ ಫಂಕ್ಷನ್ನನ್ನು ಇನ್ನೊಂದು ಫಂಕ್ಷನ್ನಿನೊಳಗಿಂದ ಕರೆದಾಗ ಅದಕ್ಕೆ ಕಾಣುವುದು ಒಳಗಿನ ಹೆಸರು, ಬಳಕೆದಾರರು ಬರೆದ ಮಳೆ ಎಂಬ ಹೆಸರಲ್ಲ. ವರದಿಯಲ್ಲಿ ಹೀಗಾದರೆ ಮೆಸೇಜು ಕೊಂಚ ಕುರೂಪವಾಗುತ್ತದೆ, ಅಷ್ಟೆ. ಆ ಹೆಸರನ್ನು ನೋಡಿ ಯಾವ ಕಾಲಂ ಆರಿಸಬೇಕೆಂದು ನಿರ್ಧರಿಸುವ ಗ್ರಂಥಾಲಯವಾದರೆ ತಪ್ಪು ಉತ್ತರವೇ ಬರುತ್ತದೆ. ಆರ್ ಸಮುದಾಯ ಉಕ್ತಿಯನ್ನೂ ಅದರ ಪರಿಸರವನ್ನೂ ಒಟ್ಟಿಗೆ ಕಟ್ಟಿ ಸಾಗಿಸುವ ಹೊಸ ವಿಧಾನಗಳನ್ನು ವರ್ಷಗಟ್ಟಲೆ ರೂಪಿಸಬೇಕಾಗಿ ಬಂದದ್ದು ಈ ಕಾರಣಕ್ಕೆ.

ಬೇರೆ ಬೇರೆ ಭಾಷೆಗಳು ಈಚೆಗೆ ಇಟ್ಟ ಹೆಜ್ಜೆಗಳು ಈ ಎಲ್ಲೆಯನ್ನು ಗೌರವಿಸಿವೆ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. 2019ರ ಪೈಥಾನ್ 3.8ರಲ್ಲಿ ಅಚ್ಚು ಹಾಕುವ ಪಠ್ಯದೊಳಗೆ ಉಕ್ತಿಯ ನಂತರ = ಚಿಹ್ನೆ ಇಟ್ಟರೆ ಉಕ್ತಿಯ ಅಕ್ಷರಗಳೂ ಬೆಲೆಯೂ ಒಟ್ಟಿಗೆ ಬರುತ್ತವೆ; ನಡುವಿನ ಖಾಲಿ ಜಾಗ ಕೂಡ ಬರೆದ ಹಾಗೇ ಉಳಿಯುತ್ತದೆ. 2021ರ ಸಿ ಶಾರ್ಪ್ 10ರಲ್ಲಿ, ಒಂದು ವಾದಕ್ಕೆ ಕರೆದವರು ಬರೆದ ಉಕ್ತಿಯ ಪಠ್ಯವನ್ನು ಕಂಪೈಲರೇ ಇನ್ನೊಂದು ನಿಯತಾಂಕಕ್ಕೆ ತುಂಬಿಕೊಡುವ ಏರ್ಪಾಟು ಬಂತು. ರಸ್ಟ್ 2019ರ ಜನವರಿಯಲ್ಲಿ ಕೊಟ್ಟ ಡಿಬಿಜಿ ಮ್ಯಾಕ್ರೊ ಕಡತ, ಸಾಲು, ಉಕ್ತಿ, ಬೆಲೆ ನಾಲ್ಕನ್ನೂ ಅಚ್ಚು ಹಾಕಿ, ಒಮ್ಮೆ ಮಾತ್ರ ಕಟ್ಟಿದ ಆ ಬೆಲೆಯನ್ನು ಬದಲಿಸದೆ ಹಿಂದಿರುಗಿಸುತ್ತದೆ. ಮೂರರಲ್ಲೂ ಪಠ್ಯ ಮನುಷ್ಯರ ಓದಿಗಾಗಿಯೇ ಇದೆ.

ಪಠ್ಯವನ್ನು ಉಳಿಸುವುದಕ್ಕೆ ವೆಚ್ಚವೂ ಇದೆ. ಅಸರ್ಟ್ ಹಿಡಿದಿಟ್ಟ ಅಕ್ಷರಗಳು ಮತ್ತು ಕಡತದ ದಾರಿಗಳು ಗ್ರಾಹಕರಿಗೆ ತಲುಪುವ ಪ್ರೋಗ್ರಾಮಿನೊಳಗೆ ಹಾಗೇ ಕುಳಿತಿರಬಹುದು. ಉಕ್ತಿಯಲ್ಲಿ ಗುಪ್ತಪದ ಬರೆದಿದ್ದರೆ ಅದೂ ಹೋಗುತ್ತದೆ. ಏನು ಉಳಿಸಬೇಕು ಎಂಬುದರ ಜೊತೆ ಎಲ್ಲಿಯ ತನಕ ಉಳಿಸಬೇಕು ಎಂಬುದನ್ನೂ ಮ್ಯಾಕ್ರೊ ಬರೆಯುವವರು ನಿರ್ಧರಿಸಬೇಕು.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ನೇರವಾದ ಒಂದು ಪಾಲಿದೆ. ಸ್ಥಳ ಎಂದಾಗ ಸಾಲಿನ ಸಂಖ್ಯೆಯಲ್ಲಿ ಗೊಂದಲವಿಲ್ಲ, ಕಾಲಂ ಸಂಖ್ಯೆಯಲ್ಲಿದೆ. ಕಾಲಂ ಎಂದರೆ ಏನನ್ನು ಎಣಿಸುವುದು? 'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಅದರಲ್ಲಿ ನಾಲ್ಕು ಅಕ್ಷರಗಳಿವೆ: ಕ, ರ್ನಾ, ಟ, ಕ. ಯುನಿಕೋಡಿನಲ್ಲಿ ಏಳು ಸಂಕೇತಗಳಿವೆ, ಯಾಕೆಂದರೆ ರ್ನಾ ಒಂದರಲ್ಲೇ ರಕಾರ, ವಿರಾಮ, ನಕಾರ, ದೀರ್ಘದ ಗುರುತು ಸೇರಿವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಒಟ್ಟು 21. ಸಾಲಿನಲ್ಲಿ ಈ ಪದದ ನಂತರ ತಪ್ಪಿದೆ ಎನ್ನಿ. ಬೈಟ್ ಎಣಿಸುವ ಮ್ಯಾಕ್ರೊ ಹೇಳುವ ಕಾಲಂ, ಕಣ್ಣಿಗೆ ಕಾಣುವ ಜಾಗಕ್ಕಿಂತ 17 ಮನೆ ಮುಂದಿರುತ್ತದೆ. ಸಂಕೇತ ಎಣಿಸುವುದೂ ಮೂರು ಮನೆ ತಪ್ಪುತ್ತದೆ. ಸಂಪಾದಕಗಳೂ ಭಾಷಾ ಸಾಧನಗಳೂ ಮಾತಾಡಿಕೊಳ್ಳುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಯುಟಿಎಫ್-16ರ ಘಟಕಗಳನ್ನು ಎಣಿಸುವುದನ್ನು ವಾಡಿಕೆಯಾಗಿಟ್ಟುಕೊಂಡಿದೆ; ಕನ್ನಡದ ಮಟ್ಟಿಗೆ ಅದು ಏಳೇ ಆಗುತ್ತದೆ. ಮೂರು ಸಾಧನಗಳು ಮೂರು ರೀತಿ ಎಣಿಸಿದರೆ ತಪ್ಪಿನ ಗುರುತು ಬೀಳುವುದು ಎಲ್ಲೋ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಕಡತದಲ್ಲಿ ಮೂರೂ ಎಣಿಕೆ ಒಂದೇ ಆಗುವುದರಿಂದ ಈ ದೋಷ ಅದನ್ನು ಮಾತ್ರ ಪರೀಕ್ಷಿಸಿದವರ ಕಣ್ಣಿಗೆ ಬೀಳುವುದೇ ಇಲ್ಲ.

ಪರಿಹಾರ ಕಷ್ಟದ್ದಲ್ಲ. ಸ್ಥಳವನ್ನು ಒಳಗೆ ಒಂದೇ ಏಕಮಾನದಲ್ಲಿ, ಯಾವುದೆಂದು ಸ್ಪಷ್ಟವಾಗಿ ಬರೆದು ಇಟ್ಟುಕೊಳ್ಳಬೇಕು. ಮನುಷ್ಯರಿಗೆ ತೋರಿಸುವಾಗ ಬರೀ ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳದೆ ಮೂಲ ಸಾಲನ್ನೇ ಅಚ್ಚು ಹಾಕಿ, ತಪ್ಪಾದ ಉಕ್ತಿಯನ್ನು ಮತ್ತೆ ಬಿಡಿಯಾಗಿ ಬರೆಯಬೇಕು. ಗುರುತು ಒಂದೆರಡು ಮನೆ ಆಚೀಚೆಯಾದರೂ ಉಕ್ತಿಯ ಅಕ್ಷರಗಳು ದಾರಿ ತಪ್ಪಿಸುವುದಿಲ್ಲ.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪೈಲರ್ ಪಾಠ ಮಾಡುವ ಅಧ್ಯಾಪಕರಲ್ಲೂ, ಗ್ರಂಥಾಲಯಗಳಿಗೆ ಮ್ಯಾಕ್ರೊ ಬರೆಯುತ್ತಿರುವ ತರುಣ ತರುಣಿಯರಲ್ಲೂ ನನ್ನದೊಂದು ಬೇಡಿಕೆಯಿದೆ. ಮ್ಯಾಕ್ರೊ ಬರೆಯಲು ಕೂತಾಗ ಅದು ಸೋತರೆ ಬರಬೇಕಾದ ಮೆಸೇಜನ್ನು ಮೊದಲು ಬರೆದಿಡಿ, ಆಮೇಲೆ ಮ್ಯಾಕ್ರೊದ ಒಡಲಿಗೆ ಕೈಹಾಕಿ. ಅದನ್ನು ಇನ್ನೊಂದು ಮ್ಯಾಕ್ರೊದೊಳಗೆ ಇಟ್ಟು ಕರೆದಾಗ ಮೆಸೇಜು ಉಳಿಯುತ್ತದೆಯೇ ಎಂದು ನೋಡಿ. ನಿಮ್ಮ ಪರೀಕ್ಷೆಗಳ ಗುಂಪಿಗೆ ಒತ್ತಕ್ಷರಗಳಿರುವ ಕನ್ನಡ ಸಾಲುಗಳ ಒಂದು ಕಡತವನ್ನು ಇಂದೇ ಸೇರಿಸಿ.